ಯುದ್ಧಕ್ಕೆ ದೇಶವನ್ನು ದೂಡಿದ ನಾಯಕರಿಗೆ ಲೆಕ್ಕ ಕೇಳೋದು ಹೇಗೆ?

ಹಳೇಕಡತ:
ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ಮಾಡಿಸಿದ ಚಿಲ್ಕಾಟ್ ವಿಚಾರಣೆಯ ಸಾರಾಂಶ ಓದುತ್ತಿದ್ದೆ. ಅದರಲ್ಲಿ ಹತ್ತು ದಿನದ ಕಥೆಯೊಂದಿದೆ, ತಲೆಯಿಂದ ಹೋಗುತ್ತಿಲ್ಲ. 2003ರ ಮಾರ್ಚ್ 7ಕ್ಕೆ ಸರ್ಕಾರದ ಮುಖ್ಯ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್ ಗೋಲ್ಡ್‌ಸ್ಮಿತ್ ಅವರು ಪ್ರಧಾನಿ ಟೋನಿ ಬ್ಲೇರ್‌ಗೆ 13 ಪುಟದ ಸಲಹೆ ಕೊಟ್ಟರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಿಂದ ಇನ್ನೊಂದು ನಿರ್ಣಯ ಪಡೆಯೋದೇ ಸುರಕ್ಷಿತ ದಾರಿ, ಹಳೆಯ ನಿರ್ಣಯಗಳನ್ನೇ ಹಿಡಿದು ವಾದ ಮಾಡಬಹುದು, ಆದರೆ ಕೋರ್ಟು ಒಪ್ಪದೆಯೂ ಇರಬಹುದು, ಇದು ಅದರ ಸಾರ. ಮಾರ್ಚ್ 17ಕ್ಕೆ ಅದೇ ಮನುಷ್ಯನ ಹೆಸರಲ್ಲಿ ಸಂಸತ್ತಿಗೆ ಒಂದು ಪುಟದ ಉತ್ತರ ಬಂತು. ಯುದ್ಧ ಕಾನೂನುಬದ್ಧ, ಅಷ್ಟೇ. ಆ 13 ಪುಟದ ಅನುಮಾನಗಳಲ್ಲಿ ಒಂದೂ ಅಲ್ಲಿಲ್ಲ. ಸಂಪುಟದ ಮಂತ್ರಿಗಳ ಕೈಗೂ ಆ 13 ಪುಟ ಹೋಗಲಿಲ್ಲ.

ನಡುವೆ ಏನಾಯಿತು ಅನ್ನೋದೇ ಮಜಾ. ಭದ್ರತಾ ಮಂಡಳಿಯ ನಿರ್ಣಯವನ್ನು ಇರಾಕ್ ಮತ್ತೆ ಮುರಿದಿದೆ ಅನ್ನೋದು ಪ್ರಧಾನಿಯವರ ಖಚಿತ ಅಭಿಪ್ರಾಯವೇ ಅಂತ ಅಟಾರ್ನಿ ಜನರಲ್ ಕಚೇರಿ ಕೇಳಿತು. ಹೌದು, ಖಚಿತ ಅಂತ ಪ್ರಧಾನಿ ಕಚೇರಿಯ ಕಾರ್ಯದರ್ಶಿ ಮಾರ್ಚ್ 15ಕ್ಕೆ ಪತ್ರ ಬರೆದರು. ಯಾವ ಆಧಾರದ ಮೇಲೆ ಖಚಿತ ಅನ್ನೋದು ಸ್ಪಷ್ಟವಾಗಿಲ್ಲ ಅಂತ ಚಿಲ್ಕಾಟ್ ವರದಿಯೇ ಹೇಳುತ್ತೆ. ಅಂದರೆ ವಕೀಲರು ರಾಜಕಾರಣಿಯನ್ನು ಕೇಳಿದರು, ರಾಜಕಾರಣಿ ಹೂಂ ಅಂದರು, ಆ ಹೂಂ ಮೇಲೆ ವಕೀಲರು ಕಾನೂನುಬದ್ಧ ಅಂದರು. ಮಾರ್ಚ್ 18ಕ್ಕೆ ಸಂಸತ್ತಿನಲ್ಲಿ 412 ಮತ ಪರ, 149 ವಿರುದ್ಧ. ಎರಡು ದಿನದಲ್ಲಿ ಬಾಂಬ್ ಬೀಳೋಕೆ ಶುರು.

ಇದಕ್ಕೆಲ್ಲ ಯಾರಿಗಾದರೂ ಶಿಕ್ಷೆ ಆಯಿತಾ? ಕೇಸು ಬಿದ್ದಿದ್ದು ಕ್ಯಾಥರಿನ್ ಗನ್ ಮೇಲೆ. ಬ್ರಿಟನ್ನಿನ ಗುಪ್ತಚರ ಸಂಸ್ಥೆಯಲ್ಲಿ ಅನುವಾದಕಿಯಾಗಿದ್ದವರು. ಭದ್ರತಾ ಮಂಡಳಿಯ ಸದಸ್ಯ ದೇಶಗಳ ಮಾತುಕತೆ ಕದ್ದು ಕೇಳಲು ಅಮೆರಿಕ ಸಹಾಯ ಕೋರಿದ್ದ ಸಂದೇಶವನ್ನು ಅವರು ಹೊರಗೆ ಹಾಕಿದ್ದರು. 2004ರಲ್ಲಿ ಸರ್ಕಾರವೇ ಸಾಕ್ಷ್ಯ ಒಪ್ಪಿಸದೆ ಕೇಸು ಕೈಬಿಟ್ಟಿತು ಬಿಡಿ. ಆದರೂ ಕಟಕಟೆ ಹತ್ತಿದ್ದು ಯಾರು, ಹತ್ತದೇ ಇದ್ದದ್ದು ಯಾರು ನೋಡಿ.

ನನ್ನ ಪ್ರಶ್ನೆ ಇಷ್ಟೇ. ಈ ವಿಷಯದಲ್ಲಿ ನಾಯಕರನ್ನು ಹಿಡಿಯುವ ದಾರಿ ನಿಜವಾಗಲೂ ಇದೆಯಾ, ಅಥವಾ ನಾವು ಸುಮ್ನೆ ಕೂಗಾಡುತ್ತೇವಾ?

ಕಾಯ್ದೆಕಟ್ಟೆ:
ದಾರಿ ಇದೆ ಸರ್, ಆದರೆ ಅರ್ಧ ಹಾಕಿ ಬಿಟ್ಟ ರಸ್ತೆ ಅದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಮೊದಲ ಪ್ರಯತ್ನ 1919ರದ್ದು. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್‌ನನ್ನು ವಿಚಾರಣೆ ಮಾಡಬೇಕು ಅಂತ ಮೊದಲ ಮಹಾಯುದ್ಧದ ನಂತರದ ವರ್ಸೈ ಒಪ್ಪಂದದ 227ನೇ ವಿಧಿಯಲ್ಲಿ ಬರೆದರು. ಅವನು ಅಷ್ಟರಲ್ಲಿ ನೆದರ್ಲೆಂಡ್ಸ್ ಸೇರಿಕೊಂಡಿದ್ದ, ಅವರು ಒಪ್ಪಿಸಲಿಲ್ಲ. ಡೋರ್ನ್ ಅನ್ನೋ ಊರಿನ ದೊಡ್ಡ ಮನೆಯಲ್ಲಿ ಮರ ಕಡಿಯುತ್ತಾ ಆರಾಮಾಗಿದ್ದು 1941ರಲ್ಲಿ ತೀರಿಕೊಂಡ.

ಎರಡನೆಯದು ನ್ಯೂರೆಂಬರ್ಗ್, ಎರಡನೇ ಮಹಾಯುದ್ಧ ಸೋತ ನಾಜಿ ನಾಯಕರ ವಿಚಾರಣೆ. ಯುದ್ಧ ಹೂಡುವುದೇ ಅಪರಾಧ, ಅದರಲ್ಲೂ ಎಲ್ಲಕ್ಕಿಂತ ದೊಡ್ಡ ಅಪರಾಧ ಅಂತ ಕೋರ್ಟೊಂದು ಹೇಳಿದ್ದು ಅಲ್ಲೇ. 1946ರ ತೀರ್ಪಿನಲ್ಲಿ 22 ಜನರ ಪೈಕಿ 12 ಜನ ಆಕ್ರಮಣ ಯುದ್ಧ ನಡೆಸಿದ ಆರೋಪದಲ್ಲಿ ತಪ್ಪಿತಸ್ಥರಾದರು. ಆಮೇಲೆ ಟೋಕಿಯೊದಲ್ಲಿ ಜಪಾನಿನ ನಾಯಕರ ವಿಚಾರಣೆ. ಆಮೇಲೆ ಅರ್ಧ ಶತಮಾನ ಗಾಢ ನಿದ್ದೆ.

1998ರ ರೋಮ್ ಒಪ್ಪಂದದಿಂದ ಐಸಿಸಿ ಹುಟ್ಟಿತು (ಕ್ರಿಕೆಟ್ಟಿನದಲ್ಲ, ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು). ಆಕ್ರಮಣದ ಅಪರಾಧ ಅಂತ ಹೆಸರೇನೋ ಬರೆದರು, ಹಾಗಂದರೆ ಏನು ಅಂತ ಬರೆಯಲಿಲ್ಲ, ಜಗಳ ಬಗೆಹರಿದಿರಲಿಲ್ಲ. 2010ರಲ್ಲಿ ಕಂಪಾಲಾದಲ್ಲಿ ಅರ್ಥ ಕೂಡಿಬಂತು. 2018ರ ಜುಲೈ 17ರಿಂದ ಜಾರಿ. ಇದು ನಾಯಕರಿಗಷ್ಟೇ ಅಂಟುವ ಅಪರಾಧ ಅನ್ನೋದು ಗಮನಿಸಿ. ದೇಶದ ರಾಜಕೀಯ ಅಥವಾ ಸೇನಾ ನಡೆಯನ್ನು ನಿಜವಾಗಿ ನಿಯಂತ್ರಿಸುವ ಸ್ಥಾನದಲ್ಲಿ ಇದ್ದವರು ಮಾತ್ರ ಇದರಲ್ಲಿ ಆರೋಪಿ ಆಗಬಹುದು. ಸಾಮಾನ್ಯ ಸಿಪಾಯಿ ಆಗೋಕೇ ಸಾಧ್ಯವಿಲ್ಲ.

ಈಗ ತೂತು ಎಲ್ಲಿದೆ ಹೇಳುತ್ತೇನೆ. ಕೋರ್ಟಿನ ಸದಸ್ಯ ಅಲ್ಲದ ದೇಶದ ಪ್ರಜೆ ಮೇಲೆ ಈ ಒಂದು ಅಪರಾಧಕ್ಕೆ ಕೋರ್ಟು ತಾನಾಗಿ ಕೈಹಾಕುವ ಹಾಗಿಲ್ಲ, ಭದ್ರತಾ ಮಂಡಳಿ ಕೇಸು ಕಳಿಸಬೇಕು. ಅಮೆರಿಕ, ರಷ್ಯಾ, ಚೀನಾ, ಭಾರತ ಯಾವುದೂ ಸದಸ್ಯ ಅಲ್ಲ. ಮಂಡಳಿಯಲ್ಲಿ ವೀಟೊ ಯಾರ ಹತ್ತಿರ ಇದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಾರ್ಚ್‌ನಲ್ಲಿ ಪುಟಿನ್ ಮೇಲೆ ಐಸಿಸಿ ವಾರಂಟ್ ಹೊರಡಿಸಿದ್ದು ಉಕ್ರೇನಿನ ಮಕ್ಕಳನ್ನು ಅಕ್ರಮವಾಗಿ ಸಾಗಿಸಿದ ಆರೋಪಕ್ಕೆ. ಯುದ್ಧ ಶುರು ಮಾಡಿದ್ದಕ್ಕಲ್ಲ. ಎಷ್ಟೋ ಜನ ಇದನ್ನು ಬೆರೆಸಿ ಓದುತ್ತಾರೆ. ಆಕ್ರಮಣದ ಅಪರಾಧಕ್ಕೆ ಅಂತ ಆ ಕೋರ್ಟಿನಲ್ಲಿ ಇವತ್ತಿನವರೆಗೆ ಒಬ್ಬರ ಮೇಲೂ ಆರೋಪಪಟ್ಟಿ ಆಗಿಲ್ಲ.

ಮುಂಗೋಪಿ:
ಕಾಯ್ದೆಕಟ್ಟೆಯವರೇ, ನ್ಯೂರೆಂಬರ್ಗ್ ಅಂದ ತಕ್ಷಣ ಎಲ್ಲರೂ ಕೈಮುಗಿಯುತ್ತಾರೆ. ಅಲ್ಲಿ ನ್ಯಾಯಾಧೀಶರ ಸಾಲಿನಲ್ಲಿ ಸೋವಿಯತ್ ನ್ಯಾಯಾಧೀಶರೂ ಕೂತಿದ್ದರು. ಅದೇ ಸೋವಿಯತ್ 1939ರಲ್ಲಿ ಪೋಲೆಂಡಿನ ಪೂರ್ವ ಭಾಗಕ್ಕೆ ನುಗ್ಗಿತ್ತು, ಅದೇ ವರ್ಷ ಫಿನ್‌ಲೆಂಡ್ ಮೇಲೆ ಬಿದ್ದು ರಾಷ್ಟ್ರಸಂಘದಿಂದ (ವಿಶ್ವಸಂಸ್ಥೆಗೆ ಮೊದಲಿದ್ದ ಸಂಸ್ಥೆ) ಉಚ್ಚಾಟನೆ ಆಗಿತ್ತು.

ಫಿನ್‌ಲೆಂಡಿನ ಕಥೆ ಇನ್ನೂ ಚೆನ್ನಾಗಿದೆ. ಯುದ್ಧದಲ್ಲಿ ಸೋತ ಮೇಲೆ ಕದನವಿರಾಮದ ಷರತ್ತು ಹಿಡಿದು ಸೋವಿಯತ್ ಒತ್ತಡ ಹಾಕಿತು. 1945ರಲ್ಲಿ ಫಿನ್‌ಲೆಂಡ್ ಹಿಂದಿನ ಕೆಲಸಕ್ಕೆ ಅನ್ವಯ ಆಗುವ ಹೊಸ ಕಾಯ್ದೆ ಮಾಡಿ ತನ್ನದೇ ನಾಯಕರನ್ನು ವಿಚಾರಣೆಗೆ ನಿಲ್ಲಿಸಿತು. ಯುದ್ಧಕಾಲದ ಅಧ್ಯಕ್ಷ ರಿಸ್ತೊ ರೂತಿಗೆ 10 ವರ್ಷ ಜೈಲು. ಮೊದಲು ದಾಳಿಗೆ ಒಳಗಾದ ದೇಶ ಅದು! ಇನ್ನು ಸೇನೆಯ ಮುಖ್ಯಸ್ಥನಾಗಿದ್ದ ಮಾನರ್‌ಹೈಮ್ ಎಲ್ಲಿದ್ದ? ವಿಚಾರಣೆ ನಡೆಯುವಾಗ ಅವನೇ ದೇಶದ ಅಧ್ಯಕ್ಷ. ಅವನನ್ನು ಯಾರೂ ಮುಟ್ಟಲಿಲ್ಲ. 1949ರಲ್ಲಿ ರೂತಿಗೆ ಕ್ಷಮಾದಾನ ಕೊಟ್ಟು ಕಳಿಸಿದರು.

ಟೋಕಿಯೊದಲ್ಲಿ ಚಕ್ರವರ್ತಿ ಹಿರೊಹಿಟೊ ಹೆಸರೇ ಆರೋಪಿಗಳ ಪಟ್ಟಿಯಲ್ಲಿ ಇರಲಿಲ್ಲ, ಆಡಳಿತ ನಡೆಸಲು ಅಮೆರಿಕಕ್ಕೆ ಆತ ಬೇಕಾಗಿದ್ದ. ಅಲ್ಲಿ ಕೂತಿದ್ದ ಭಾರತದ ನ್ಯಾಯಾಧೀಶ ರಾಧಾವಿನೋದ ಪಾಲ್ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಬೇಕು ಅಂತ ಭಿನ್ನ ತೀರ್ಪು ಬರೆದರು. ಅವರ ಎಲ್ಲ ವಾದ ನಾನು ಒಪ್ಪಲ್ಲ. ಆದರೆ ಸೋತವರಿಗೆ ಮಾತ್ರ ಅನ್ವಯಿಸುವ ಕಾನೂನನ್ನು ಕಾನೂನು ಅನ್ನಬೇಕಾ ಅನ್ನೋ ಪ್ರಶ್ನೆಗೆ ಇನ್ನೂ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಗೆದ್ದವರ ಕೈಯಲ್ಲಿ ತಕ್ಕಡಿ. ಇಷ್ಟೇ ವಿಷಯ.

ನಿವೃತ್ತಹವಾಲ್ದಾರ್:
ಕಾನೂನು ನನಗೆ ಅಷ್ಟು ಗೊತ್ತಿಲ್ಲ. ಆದರೆ ಹಳೇಕಡತ ಅವರು ಹೇಳಿದ ಹತ್ತು ದಿನದಲ್ಲಿ ಒಂದು ಬಿಟ್ಟುಹೋಗಿದೆ. ಆಗ ಬ್ರಿಟಿಷ್ ಸೇನೆಗಳ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಬಾಯ್ಸ್ ಅವರು ಯುದ್ಧ ಕಾನೂನುಬದ್ಧ ಅಂತ ಸ್ಪಷ್ಟವಾಗಿ ಹೇಳಿ ಅಂತ ಪಟ್ಟು ಹಿಡಿದಿದ್ದರು. "ವಾದ ಮಾಡಬಹುದು" ಅನ್ನೋ ಉತ್ತರ ಅವರಿಗೆ ಸಾಲಲಿಲ್ಲ. ನಾಳೆ ತನ್ನ ಹುಡುಗರು ಕೋರ್ಟಿಗೆ ಅಲೆಯಬಾರದು ಅನ್ನೋ ಚಿಂತೆ.

ಸಮವಸ್ತ್ರ ಹಾಕಿದವನಿಗೆ ಪ್ರತಿ ಗುಂಡಿಗೂ ಲೆಕ್ಕ ಇರುತ್ತೆ. ಎಷ್ಟು ತಗೊಂಡೆ, ಎಷ್ಟು ಹಾರಿಸಿದೆ, ಎಷ್ಟು ವಾಪಸ್ ಕೊಟ್ಟೆ, ಸಹಿ ಹಾಕು. ತಪ್ಪಿದರೆ ವಿಚಾರಣೆ. ಆದೇಶ ಕೊಟ್ಟ ಜಾಗದಲ್ಲಿ ಮಾತ್ರ ಒಂದು ಹಾಳೆ ಸಾಕಾ?

ಮತಪೆಟ್ಟಿಗೆ:
ಎಲ್ಲರೂ ಕೋರ್ಟು ಕೋರ್ಟು ಅಂತೀರಲ್ಲ, ಪ್ರಜಾಪ್ರಭುತ್ವದಲ್ಲಿ ಚುನಾವಣೆಯೇ ಕೋರ್ಟು ಅಲ್ವಾ? ಸ್ಪೇನಿನ ಜನ 2004ರಲ್ಲಿ ಇರಾಕ್ ಯುದ್ಧ ಬೆಂಬಲಿಸಿದ್ದ ಪ್ರಧಾನಿ ಅಜ್ನಾರ್ ಪಕ್ಷವನ್ನು ಮನೆಗೆ ಕಳಿಸಲಿಲ್ಲವಾ? ಹೊಸ ಸರ್ಕಾರ ಬಂದು ಇರಾಕಿನಿಂದ ಸೈನ್ಯ ವಾಪಸ್ ಕರೆಸಿಕೊಂಡಿತು.

ಹಳೇಕಡತ:
ಕಳಿಸಿದರು. ಆದರೆ ಮತದಾನಕ್ಕೆ ಮೂರು ದಿನ ಮೊದಲು ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡಿದಿತ್ತು, ಸರ್ಕಾರ ತಪ್ಪು ಗುಂಪಿನ ಕಡೆ ಬೆರಳು ತೋರಿಸಿ ಸಿಕ್ಕಿಬಿತ್ತು. ಅದನ್ನು ಯುದ್ಧದ ತೀರ್ಪು ಅಂತ ಮಾತ್ರ ಓದೋಕಾಗಲ್ಲ. ಬುಷ್ 2004ರಲ್ಲಿ ಮತ್ತೆ ಗೆದ್ದರು, ಬ್ಲೇರ್ 2005ರಲ್ಲಿ ಮತ್ತೆ ಗೆದ್ದರು. ಆ 13 ಪುಟದ ಸಲಹೆ ಪೂರ್ತಿ ಹೊರಬಂದಿದ್ದೇ 2005ರ ಏಪ್ರಿಲ್ ಕೊನೆಗೆ, ಮತದಾನಕ್ಕೆ ಒಂದು ವಾರ ಇರುವಾಗ. ಜನ ತೀರ್ಪು ಕೊಡಬೇಕು ಅಂದರೆ ಕಡತ ಜನರ ಮುಂದೆ ಇರಬೇಕು. ಅದಿಲ್ಲದೆ ಮತ ಕೇಳೋದು ಸಾಕ್ಷಿ ಇಲ್ಲದೆ ಕೇಸು ನಡೆಸಿದ ಹಾಗೆ.

ಇನ್ನೊಂದು, ಚುನಾವಣೆಯಲ್ಲಿ ಮತ ಹಾಕೋದು ಯುದ್ಧ ಮಾಡಿದ ದೇಶದ ಜನ. ಬಾಂಬ್ ತಿಂದವರಿಗೆ ಅಲ್ಲಿ ಮತ ಇಲ್ಲ.

ಸಂಜೆಮಲ್ಲಿಗೆ:
ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೈಬೇಡಿ.

ಯುದ್ಧಕ್ಕೆ ಹೋದವರಿಗೆ ಲೆಕ್ಕ ಕೇಳುತ್ತೀರಿ, ಸರಿ. ಹೋಗದೇ ಕೈಕಟ್ಟಿ ಕೂತವರಿಗೆ? 1994ರ ಏಪ್ರಿಲ್‌ನಲ್ಲಿ ರುವಾಂಡದಲ್ಲಿ ಕಗ್ಗೊಲೆ ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ಅಲ್ಲಿದ್ದ ಶಾಂತಿಪಡೆಯನ್ನು 270 ಜನರಿಗೆ ಇಳಿಸಲು ನಿರ್ಣಯ ಮಾಡಿತು. ಅದಕ್ಕೆ ಕೈ ಎತ್ತಿದ ಯಾರಿಗೂ ಏನೂ ಆಗಲಿಲ್ಲ. 1999ರಲ್ಲಿ ಕೊಸೊವೊ ವಿಷಯಕ್ಕೆ ನೇಟೊ ಬಾಂಬ್ ಹಾಕಿತು, ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ. ಕಾನೂನುಬಾಹಿರ, ಆದರೆ ನ್ಯಾಯಸಮ್ಮತ ಅಂತ ಸ್ವತಂತ್ರ ಆಯೋಗವೊಂದು ಆಮೇಲೆ ಹೇಳಿತು. ಅಂಥ ನಾಯಕರನ್ನೂ ಬ್ಲೇರ್ ಪಕ್ಕದಲ್ಲೇ ನಿಲ್ಲಿಸುತ್ತೀರಾ? (ಕೊಸೊವೊ ಕಾಲದಲ್ಲೂ ಬ್ಲೇರೇ ಪ್ರಧಾನಿ, ಅದು ಬೇರೆ ಮಾತು.)

ಇದಕ್ಕಿಂತ ದೊಡ್ಡ ಭಯ ನನಗೆ ಇನ್ನೊಂದಿದೆ. ಯುದ್ಧ ನಿಲ್ಲಿಸಿದ ಮರುದಿನ ಜೈಲು ಅಂತ ಗೊತ್ತಾದರೆ ಯಾವ ನಾಯಕ ಯುದ್ಧ ನಿಲ್ಲಿಸುತ್ತಾನೆ? ಸೋಲು ಒಪ್ಪಿಕೊಂಡರೆ ತನ್ನ ಕುತ್ತಿಗೆಗೆ ಬರುತ್ತೆ ಅಂದಾಗ ಇನ್ನೂ ಹತ್ತು ಸಾವಿರ ಹುಡುಗರನ್ನು ಕಳಿಸಿ ನೋಡೋಣ ಅಂತಾನೆ. ಅವನಿಗೆ ಅದರಲ್ಲಿ ಕಳೆದುಕೊಳ್ಳೋದು ಏನೂ ಇಲ್ಲ. ಶಿಕ್ಷೆ ಜಾಸ್ತಿ ಮಾಡಿದರೆ ಯುದ್ಧ ಕಮ್ಮಿ ಆಗುತ್ತೆ ಅನ್ನೋ ಲೆಕ್ಕ ಅಷ್ಟು ಸುಲಭ ಅಲ್ಲ.

ಮುಂಗೋಪಿ:
ಹಾಗಂತ ಬಿಟ್ಟುಬಿಡೋಣವಾ ಮೇಡಂ? ಕೊಲೆಗಾರ ಹೆದರಿ ಓಡುತ್ತಾನೆ ಅಂತ ಠಾಣೆಗೆ ಬೀಗ ಹಾಕೋಕಾಗುತ್ತಾ?

ಸಂಜೆಮಲ್ಲಿಗೆ:
ಬಿಡಿ ಅಂದೆನಾ? ಏನನ್ನು ಶಿಕ್ಷಿಸಬೇಕು ಅನ್ನೋದು ಮೊದಲು ಗೊತ್ತು ಮಾಡಿಕೊಳ್ಳಿ ಅಂದೆ. ಅರ್ಜೆಂಟೀನಾ ನೋಡಿ. 1982ರಲ್ಲಿ ಜನರಲ್ ಗಾಲ್ಟಿಯೇರಿಯ ಸೇನಾ ಸರ್ಕಾರ ಬ್ರಿಟನ್ ಹಿಡಿತದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಿಗೆ ನುಗ್ಗಿತು, ಎರಡೂವರೆ ತಿಂಗಳೊಳಗೆ ಸೋತಿತು. 1986ರಲ್ಲಿ ಸೇನಾ ನ್ಯಾಯಮಂಡಳಿ ಅವನಿಗೆ 12 ವರ್ಷ ಶಿಕ್ಷೆ ವಿಧಿಸಿತು. ಯಾಕೆ? ಯುದ್ಧವನ್ನು ಸರಿಯಾಗಿ ನಡೆಸಲಿಲ್ಲ ಅಂತ! ಶುರು ಮಾಡಿದ್ದಕ್ಕಲ್ಲ, ಕೆಟ್ಟದಾಗಿ ಸೋತಿದ್ದಕ್ಕೆ. ಗೆದ್ದಿದ್ದರೆ ಊರೂರಲ್ಲಿ ಪ್ರತಿಮೆ ನಿಲ್ಲುತ್ತಿತ್ತು. ಆಮೇಲೆ ಅಧ್ಯಕ್ಷ ಮೆನೆಮ್ ಕ್ಷಮಾದಾನವನ್ನೂ ಕೊಟ್ಟರು.

ಹಳೇಕಡತ:
ಈ ಉದಾಹರಣೆ ಚೆನ್ನಾಗಿ ಕೊಟ್ಟಿರಿ. ನನಗೂ ಇಲ್ಲೇ ವಿಷಯ ತಿಳಿಯಾಗುತ್ತಿದೆ. ಸೋತಿದ್ದಕ್ಕೆ ಶಿಕ್ಷೆ ಬೇಡ. ಪ್ರಾಮಾಣಿಕವಾಗಿ ತಪ್ಪು ಅಂದಾಜು ಮಾಡಿದ್ದಕ್ಕೂ ಬೇಡ. ಗೊತ್ತಿದ್ದ ಅನುಮಾನವನ್ನು ಅಳಿಸಿ ಖಚಿತ ಅಂತ ಹೇಳಿದರಲ್ಲ, ಅದಕ್ಕೆ ಲೆಕ್ಕ ಕೇಳೋಣ.

ಟೊಂಕಿನ್ ಕೊಲ್ಲಿಯದ್ದೂ ಇದೇ ಕಥೆ. 1964ರ ಆಗಸ್ಟ್ 2ಕ್ಕೆ ಉತ್ತರ ವಿಯೆಟ್ನಾಮಿನ ದೋಣಿಗಳು ಅಮೆರಿಕದ ಹಡಗಿನ ಮೇಲೆ ದಾಳಿ ಮಾಡಿದ್ದು ನಿಜ. ಆಗಸ್ಟ್ 4ರ ರಾತ್ರಿ ಎರಡನೇ ದಾಳಿ ಆಯಿತು ಅಂತ ವರದಿ ಬಂತು. ಕೆಲವೇ ಗಂಟೆಯಲ್ಲಿ ಅಲ್ಲಿನ ನೌಕಾಪಡೆ ಅಧಿಕಾರಿಯೇ, ಹವಾಮಾನದಿಂದ ರೇಡಾರ್ ಗೊಂದಲ ಆಗಿರಬಹುದು, ಪೂರ್ತಿ ಪರಿಶೀಲನೆ ಮಾಡಿ ಅಂತ ಸಂದೇಶ ಕಳಿಸಿದರು. ಅನುಮಾನ ವಾಷಿಂಗ್ಟನ್ ತಲುಪಿತ್ತು. ಆದರೂ ಅದೇ ರಾತ್ರಿ ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಬಂದು ಪ್ರತಿದಾಳಿ ಘೋಷಿಸಿದರು. ಮೂರು ದಿನದಲ್ಲಿ ಕಾಂಗ್ರೆಸ್ ನಿರ್ಣಯ ಪಾಸು, ಕೆಳಮನೆಯಲ್ಲಿ 416ಕ್ಕೆ ಸೊನ್ನೆ, ಸೆನೆಟ್‌ನಲ್ಲಿ 88ಕ್ಕೆ 2. ಎರಡನೇ ದಾಳಿ ನಡೆದೇ ಇರಲಿಲ್ಲ ಅಂತ ಅವರದೇ ಗುಪ್ತಚರ ಸಂಸ್ಥೆಯ ಇತಿಹಾಸಕಾರರು ಬರೆದದ್ದು ಸಾರ್ವಜನಿಕವಾಗಿದ್ದು 2005ರಲ್ಲಿ. ಅಷ್ಟರಲ್ಲಿ ಜಾನ್ಸನ್ ಸತ್ತು 32 ವರ್ಷ. ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರು 58 ಸಾವಿರ, ವಿಯೆಟ್ನಾಮಿನವರು ಅದರ ಎಷ್ಟೋ ಪಟ್ಟು.

ಎರಡು ಕಡೆಯೂ ಒಂದೇ ವರಸೆ. ಕೆಳಗಿನವರು ಬಹುಶಃ ಅಂತ ಬರೆದು ಮೇಲೆ ಕಳಿಸುತ್ತಾರೆ. ಮೇಲೆ ಹೋಗ್ತಾ ಹೋಗ್ತಾ ಆ ಬಹುಶಃ ಉದುರಿಹೋಗುತ್ತೆ.

ಬರೀಓದುಗ:
ಸಾಮಾನ್ಯವಾಗಿ ನಾನು ಬರೆಯಲ್ಲ. ಆದರೆ ಇಷ್ಟು ಹೊತ್ತಾದರೂ ಇರಾಕಿನವರ ಲೆಕ್ಕ ಯಾರೂ ಹಾಕಲಿಲ್ಲ. ಚಿಲ್ಕಾಟ್ ವರದಿ ಬಿಡುಗಡೆ ದಿನ ಅವರೇ ಹೇಳಿದ್ದು: 2009ರ ಜುಲೈ ಹೊತ್ತಿಗೆ ಕನಿಷ್ಠ ಒಂದೂವರೆ ಲಕ್ಷ ಇರಾಕಿಗಳು ಸತ್ತಿದ್ದರು, ಬಹುಶಃ ಇನ್ನೂ ಜಾಸ್ತಿ, ಅದರಲ್ಲಿ ಬಹುಪಾಲು ಸಾಮಾನ್ಯ ಜನ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಬ್ರಿಟಿಷ್ ಸೈನಿಕರು 179.

ಇರಾಕಿನ ಮಾಜಿ ಜನರಲ್ ಒಬ್ಬರು ಬ್ಲೇರ್ ಮೇಲೆ ಖಾಸಗಿ ಕ್ರಿಮಿನಲ್ ಕೇಸು ಹಾಕಲು ಲಂಡನ್ನಿನ ಕೋರ್ಟಿನ ಮೊರೆ ಹೋಗಿದ್ದರು. 2017ರಲ್ಲಿ ಹೈಕೋರ್ಟ್ ಬೇಡ ಅಂದಿತು. ಆಕ್ರಮಣದ ಅಪರಾಧ ಅನ್ನೋದು ಇಂಗ್ಲೆಂಡಿನ ಕಾನೂನಿನಲ್ಲಿ ಇಲ್ಲವೇ ಇಲ್ಲ, ಸಂಸತ್ತು ಸೇರಿಸಿದರೆ ಮಾತ್ರ ಉಂಟು ಅಂತ. ನ್ಯೂರೆಂಬರ್ಗಿನಲ್ಲಿ ಇದೇ ಅಪರಾಧಕ್ಕೆ ಜನರನ್ನು ಶಿಕ್ಷಿಸಿದ ನಾಲ್ಕು ದೇಶಗಳಲ್ಲಿ ಬ್ರಿಟನ್ ಒಂದು.

ಇನ್ನೊಂದು ಲೆಕ್ಕ ಕೇಳಿ. 1990ರಲ್ಲಿ ಸದ್ದಾಂ ಕುವೈತ್ ನುಂಗಿದ. ಪರಿಹಾರ ಕೊಡಿಸಲು ವಿಶ್ವಸಂಸ್ಥೆ ಆಯೋಗ ಮಾಡಿತು. ಇರಾಕಿನ ತೈಲದ ಹಣದಲ್ಲಿ ಒಂದು ಪಾಲು ಹಿಡಿದು ಒಟ್ಟು 5,240 ಕೋಟಿ ಡಾಲರ್ ಕಟ್ಟಿಸಿಕೊಂಡರು. ಕೊನೆಯ ಕಂತು ತೀರಿದ್ದು 2022ರ ಜನವರಿಯಲ್ಲಿ. ಸದ್ದಾಂನನ್ನು 2006ರಲ್ಲೇ ನೇಣಿಗೆ ಹಾಕಿದ್ದರು, ಅದೂ ದುಜೈಲ್ ಅನ್ನೋ ಊರಿನ ಜನರನ್ನು ಕೊಂದ ಕೇಸಿನಲ್ಲಿ. ಇರಾನ್ ಮೇಲೆ, ಕುವೈತ್ ಮೇಲೆ ಯುದ್ಧ ಹೂಡಿದ್ದಕ್ಕೆ ಅವನ ಮೇಲೆ ತೀರ್ಪೇ ಇಲ್ಲ. 1990ರಲ್ಲಿ ಹುಟ್ಟೇ ಇರದ ಮಕ್ಕಳು ಸಾಲ ತೀರಿಸಿದರು. ಉಪ್ಪು ತಿಂದವನು ಒಬ್ಬ, ನೀರು ಕುಡಿದವರು ಇನ್ಯಾರೋ.

ದೇಶ ಹೊಣೆ ಅಂದಾಗೆಲ್ಲ ಆಗೋದು ಇದೇ. ಕೊನೆಗೆ ಕಟ್ಟೋದು ಜನ.

ನಿವೃತ್ತಹವಾಲ್ದಾರ್:
ಇದನ್ನು ಓದಿ ಸುಮ್ಮನೆ ಕೂತೆ. ಥ್ಯಾಂಕ್ಸ್ ಬರೆದಿದ್ದಕ್ಕೆ.

ಕಾಯ್ದೆಕಟ್ಟೆ:
ಕೋರ್ಟಿನ ಕಥೆ ಆಯಿತು. ಯುದ್ಧಕ್ಕೆ ಮೊದಲೇ ತಡೆಯುವ ಕಾನೂನುಗಳ ಬಗ್ಗೆಯೂ ಹೇಳಬೇಕು, ನನಗೆ ನಂಬಿಕೆ ಇರೋದು ಅಲ್ಲೇ ಜಾಸ್ತಿ.

ಜರ್ಮನಿಯಲ್ಲಿ ಸಂಸತ್ತಿನ ಒಪ್ಪಿಗೆ ಇಲ್ಲದೆ ಸಶಸ್ತ್ರ ಕಾರ್ಯಾಚರಣೆಗೆ ಸೈನ್ಯ ಹೊರದೇಶಕ್ಕೆ ಹೋಗುವ ಹಾಗಿಲ್ಲ. 1994ರಲ್ಲಿ ಅವರ ಸಾಂವಿಧಾನಿಕ ಕೋರ್ಟು ಹೇಳಿತು, 2005ರಲ್ಲಿ ಕಾಯ್ದೆ ಆಯಿತು. ಫ್ರಾನ್ಸ್‌ನಲ್ಲಿ 2008ರ ತಿದ್ದುಪಡಿ ಪ್ರಕಾರ ಮೂರು ದಿನದೊಳಗೆ ಸಂಸತ್ತಿಗೆ ತಿಳಿಸಬೇಕು, ನಾಲ್ಕು ತಿಂಗಳು ದಾಟಿದರೆ ಒಪ್ಪಿಗೆ ಬೇಕು. ಅಮೆರಿಕದಲ್ಲಿ 1973ರ ಯುದ್ಧಾಧಿಕಾರ ಕಾಯ್ದೆ ಇದೆ. ವಿಯೆಟ್ನಾಂ ಕಹಿಯ ನಂತರ ನಿಕ್ಸನ್ ವೀಟೊ ದಾಟಿಸಿ ಮಾಡಿದ್ದು. 48 ಗಂಟೆಯಲ್ಲಿ ವರದಿ, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು, ಸೈನ್ಯ ವಾಪಸ್ ತರಲು ಇನ್ನೂ 30 ದಿನ.

ಆದರೆ 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಹಾಕುವಾಗ 60 ದಿನ ದಾಟಿತು. ಒಬಾಮ ಸರ್ಕಾರ ಏನಂತು ಗೊತ್ತಾ? ಕಾಯ್ದೆ ಹೇಳುವಂಥ ಯುದ್ಧಚಟುವಟಿಕೆ ಇದಲ್ಲ, ನಮ್ಮ ಸೈನಿಕರು ನೆಲದ ಮೇಲೆ ಇಲ್ಲ, ಆ ಕಡೆಯಿಂದ ಗುಂಡಿನ ಉತ್ತರವೂ ಇಲ್ಲ ಅಂತ. ವಿಮಾನದಿಂದ ಬಾಂಬ್ ಬೀಳುತ್ತಲೇ ಇತ್ತು.

ಕೆಲಸ ಮಾಡಿದ ಉದಾಹರಣೆಯೂ ಇದೆ. 2013ರ ಆಗಸ್ಟ್‌ನಲ್ಲಿ ಸಿರಿಯಾ ಮೇಲೆ ದಾಳಿಗೆ ಪ್ರಧಾನಿ ಕ್ಯಾಮರನ್ ಸಂಸತ್ತಿನ ಒಪ್ಪಿಗೆ ಕೇಳಿದರು, 272ಕ್ಕೆ 285 ಮತದಿಂದ ಸೋತರು, ಬ್ರಿಟನ್ ದಾಳಿಗೆ ಹೋಗಲಿಲ್ಲ. ಇರಾಕಿನ ಗಾಯ ಮಾಯದೇ ಇದ್ದದ್ದು ಅಲ್ಲಿ ಕೆಲಸ ಮಾಡಿತು. ದಾಳಿ ಮಾಡದೇ ಇದ್ದದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ಜಗಳ ಇದೆ, ಅದು ಬೇರೆ. ಲೆಕ್ಕ ಕೇಳುವ ಅಭ್ಯಾಸ ಅಂದರೆ ನನಗೆ ಇದೇ.

ಮತಪೆಟ್ಟಿಗೆ:
ಅದೇ ಸಂಸತ್ತೇ ತಾನೇ 2003ರಲ್ಲಿ 412 ಮತ ಕೊಟ್ಟದ್ದು? ಮೇಲೆ ಹೇಳಿದ ಟೊಂಕಿನ್‌ನಲ್ಲಿ 416ಕ್ಕೆ ಸೊನ್ನೆ. ಸಂಸತ್ತಿಗೆ ಕೇಳಿದರೆ ಹೊಣೆ ಹಂಚಿಹೋಗುತ್ತೆ ಅಷ್ಟೇ. ಎಲ್ಲರೂ ಹೊಣೆ ಅಂದರೆ ಯಾರೂ ಹೊಣೆ ಅಲ್ಲ.

ಹಳೇಕಡತ:
ಅದಕ್ಕೇ ಮತಕ್ಕಿಂತ ಕಾಗದದ ಮೇಲೆ ನನಗೆ ಕಣ್ಣು. ನನಗೆ ತೋಚಿದ್ದು ಹೇಳುತ್ತೇನೆ, ಹರಿದುಹಾಕಿ.

ಮತಕ್ಕೆ ಮೊದಲು ಕಾನೂನು ಸಲಹೆ ಪೂರ್ತಿಯಾಗಿ, ಅನುಮಾನಗಳ ಸಮೇತ, ಪ್ರತಿ ಸದಸ್ಯನ ಕೈಗೆ ಹೋಗಬೇಕು. ಸಾರಾಂಶ ನಡೆಯಲ್ಲ. ಗುಪ್ತಚರ ಮೂಲಗಳ ಹೆಸರು ಮುಚ್ಚಿ, ಪರವಾಗಿಲ್ಲ, ಆದರೆ ಇದು ಎಷ್ಟು ಖಚಿತ ಅಂತ ಅಧಿಕಾರಿಗಳು ಬರೆದ ಸಾಲನ್ನು ಮುಚ್ಚಬಾರದು. ಅದರ ಕೆಳಗೆ ಪ್ರಧಾನಿಯೋ ಅಧ್ಯಕ್ಷರೋ ಸಹಿ ಹಾಕಬೇಕು: ನನಗೆ ಗೊತ್ತಿರೋದು ಇಷ್ಟು, ಇದರಲ್ಲಿ ಏನನ್ನೂ ತೆಗೆದಿಲ್ಲ. ಆಮೇಲೆ ತೆಗೆದದ್ದು ಸಾಬೀತಾದರೆ ಆ ಸಹಿಯೇ ಕೇಸು. ಅಂತರರಾಷ್ಟ್ರೀಯ ಕೋರ್ಟು ಬೇಕಿಲ್ಲ, ವೀಟೊ ಅಡ್ಡ ಬರಲ್ಲ, ದೇಶದ ಒಳಗಿನ ಮಾಮೂಲಿ ಕ್ರಿಮಿನಲ್ ಕಾನೂನು ಸಾಕು. ಸಂಜೆಮಲ್ಲಿಗೆಯವರ ಭಯಕ್ಕೂ ಇದು ಸ್ವಲ್ಪ ಉತ್ತರ ಅಂದುಕೊಂಡಿದ್ದೇನೆ. ಯುದ್ಧ ಮುಂದುವರಿಸಿದ ಮಾತ್ರಕ್ಕೆ ಆ ಸಹಿಯಿಂದ ತಪ್ಪಿಸಿಕೊಳ್ಳೋಕಾಗಲ್ಲ, ಯುದ್ಧ ನಿಲ್ಲಿಸಿದ ಮಾತ್ರಕ್ಕೆ ಅದು ಕುತ್ತಿಗೆಗೆ ಬರೋದೂ ಇಲ್ಲ. ಗೆದ್ದರೂ ಸೋತರೂ ಪ್ರಶ್ನೆ ಒಂದೇ.

ಇನ್ನು ವಿಚಾರಣಾ ಆಯೋಗ. ಸರ್ಕಾರಕ್ಕೆ ಮನಸ್ಸು ಬಂದಾಗ ಅಲ್ಲ, ಯುದ್ಧ ಶುರುವಾದ ಇಷ್ಟು ತಿಂಗಳಿಗೆ ತಾನಾಗಿ ಶುರು ಆಗಬೇಕು. ಚಿಲ್ಕಾಟ್ ಶುರು ಆಗಿದ್ದೇ 2009ರಲ್ಲಿ, ಮುಗಿದಿದ್ದು 2016ರ ಜುಲೈ 6ಕ್ಕೆ. 12 ಸಂಪುಟ, 26 ಲಕ್ಷ ಪದ. ಬುಷ್ ಮತ್ತು ಬ್ಲೇರ್ ನಡುವಿನ ಟಿಪ್ಪಣಿ ಪ್ರಕಟಿಸಬಹುದಾ ಅನ್ನೋ ಜಗ್ಗಾಟದಲ್ಲೇ ಸಾಕಷ್ಟು ಕಾಲ ಹೋಯಿತು, ಆಮೇಲೆ ಟೀಕೆಗೆ ಒಳಗಾದವರಿಗೆಲ್ಲ ಕರಡು ತೋರಿಸಿ ಉತ್ತರ ಪಡೆಯೋದರಲ್ಲಿ ಇನ್ನಷ್ಟು. ಡಚ್ಚರು ಇದೇ ಇರಾಕ್ ವಿಷಯಕ್ಕೆ ಡೇವಿಡ್ಸ್ ಆಯೋಗ ಮಾಡಿ ಒಂದು ವರ್ಷದೊಳಗೆ ವರದಿ ಪಡೆದರು. 2010ರ ಜನವರಿಯಲ್ಲಿ ಬಂತು. ಯುದ್ಧಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಸಾಕಷ್ಟು ಆಧಾರ ಇರಲಿಲ್ಲ ಅಂತ ನೇರವಾಗಿ ಬರೆದರು. ಅವರು ಆ ದಾಳಿಗೆ ಕೊಟ್ಟಿದ್ದು ರಾಜಕೀಯ ಬೆಂಬಲ ಅಷ್ಟೇ! ಚಿಲ್ಕಾಟ್ ಆಯೋಗ ಕಾನೂನುಬದ್ಧವೇ ಅಲ್ಲವೇ ಅನ್ನೋದನ್ನು ತೀರ್ಮಾನ ಮಾಡಲೇ ಇಲ್ಲ, ತೀರ್ಮಾನ ತಗೊಂಡ ರೀತಿ ಸರಿ ಇರಲಿಲ್ಲ ಅಂದು ನಿಲ್ಲಿಸಿತು.

ಮೂರನೆಯದು, ಒಳಗಿನಿಂದ ಸತ್ಯ ಹೇಳಿದವರಿಗೆ ರಕ್ಷಣೆ. ಗನ್ ಮಾತ್ರ ಅಲ್ಲ. ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಇದು ಆಕ್ರಮಣದ ಅಪರಾಧಕ್ಕೆ ಸಮ ಅಂತ ಬರೆದು ರಾಜೀನಾಮೆ ಕೊಟ್ಟರು. ಆ ಪತ್ರ ಜನರಿಗೆ ಸಿಗಲು ಎರಡು ವರ್ಷ ಬೇಕಾಯಿತು, ಅದೂ ಮೊದಲಿಗೆ ಒಂದು ಭಾಗ ಮುಚ್ಚಿ.

ಮುಂಗೋಪಿ:
ಚೆನ್ನಾಗಿದೆ. ಈ ಕಾಯ್ದೆ ಯಾರು ಪಾಸು ಮಾಡುತ್ತಾರೆ ಸ್ವಾಮಿ? ಸಹಿ ಹಾಕಬೇಕಾದವರೇ ತಾನೇ?

ಕಾಯ್ದೆಕಟ್ಟೆ:
ನಿಕ್ಸನ್ ಬೇಡ ಅಂದರೂ 1973ರ ಕಾಯ್ದೆ ಆಯಿತಲ್ಲ. ನಾಯಕ ದುರ್ಬಲನಾದಾಗ, ಜನ ಸಿಟ್ಟಾಗಿದ್ದಾಗ ಬಾಗಿಲು ಸ್ವಲ್ಪ ಹೊತ್ತು ತೆರೆದಿರುತ್ತೆ. ಆಗ ಕರಡು ಸಿದ್ಧ ಇರಬೇಕು.

ಉಕ್ರೇನ್ ವಿಷಯದಲ್ಲಿ ಬೇರೆ ದಾರಿಯಿಂದ ಪ್ರಯತ್ನ ನಡೆದಿದೆ. ಆಕ್ರಮಣದ ಅಪರಾಧಕ್ಕೇ ಮೀಸಲಾದ ವಿಶೇಷ ನ್ಯಾಯಮಂಡಳಿಗೆ 2025ರ ಜೂನ್ 25ಕ್ಕೆ ಯುರೋಪ್ ಮಂಡಳಿ ಮತ್ತು ಉಕ್ರೇನ್ ಸ್ಟ್ರಾಸ್‌ಬರ್ಗ್‌ನಲ್ಲಿ ಸಹಿ ಹಾಕಿದವು. ಆದರೆ ಅಧ್ಯಕ್ಷ, ಪ್ರಧಾನಿ, ವಿದೇಶಾಂಗ ಮಂತ್ರಿ, ಈ ಮೂವರು ಕುರ್ಚಿಯಲ್ಲಿ ಇರುವವರೆಗೆ ವಿಚಾರಣೆ ಮುಂದೆ ಹೋಗಲ್ಲ.

ಸಂಜೆಮಲ್ಲಿಗೆ:
ನೋಡಿ, ನನ್ನ ಭಯ ಇದೇ. ಕುರ್ಚಿ ಬಿಡದೇ ಇರೋಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಕಾಯ್ದೆಕಟ್ಟೆ:
ಒಪ್ಪುತ್ತೇನೆ, ಅದು ಕೆಟ್ಟ ನಿಯಮ. ಆದರೆ ಆ ಮೂವರ ಕೆಳಗೆ ರಕ್ಷಣಾ ಮಂತ್ರಿ ಇದ್ದಾರೆ, ಸೇನಾ ಮುಖ್ಯಸ್ಥರು ಇದ್ದಾರೆ, ಭದ್ರತಾ ಸಲಹೆಗಾರರು ಇದ್ದಾರೆ. ಅವರಿಗೆ ಈ ರಕ್ಷಣೆ ಇಲ್ಲ. ಸಲಹೆಗಾರನೊಬ್ಬ ತನ್ನ ಹೆಸರಿನ ಮೇಲೆ ಕೇಸು ಬೀಳಬಹುದು ಅಂತ ಯೋಚಿಸಿ ಒಂದು ಕಡತದಲ್ಲಿ "ನನ್ನ ಒಪ್ಪಿಗೆ ಇಲ್ಲ" ಅಂತ ಬರೆದರೂ ನನಗೆ ಅದು ಲಾಭವೇ.

ಐಸಿಸಿಯ ಆ ತೂತು ಮುಚ್ಚಬೇಕು ಅಂತ 2025ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಸದಸ್ಯ ದೇಶಗಳೆಲ್ಲ ಸೇರಿದ್ದವು. ಒಮ್ಮತ ಬರಲಿಲ್ಲ, 2029ಕ್ಕೆ ಮತ್ತೆ ಸೇರೋಣ ಅಂತ ಎದ್ದರು.

ಬರೀಓದುಗ:
2029ರವರೆಗೆ ಎಷ್ಟು ಯುದ್ಧ ಶುರುವಾಗುತ್ತೋ.

ಹಳೇಕಡತ:
ಅದಕ್ಕೇ ದೇಶದೊಳಗಿನ ಕಾಯ್ದೆ ಅಂದಿದ್ದು. ಕಾಯ್ದೆಕಟ್ಟೆಯವರೇ, ನಿಮಗೆ ಬಿಡುವಿದ್ದರೆ ಜರ್ಮನಿಯ 2005ರ ಕಾಯ್ದೆಯಲ್ಲಿ ಸರ್ಕಾರ ಸಂಸತ್ತಿಗೆ ಏನೇನು ಬರೆದು ಕೊಡಬೇಕು ಅನ್ನೋ ಪಟ್ಟಿ ಇದೆಯಲ್ಲ, ಉದ್ದೇಶ, ಜಾಗ, ಕಾನೂನು ಆಧಾರ, ಎಷ್ಟು ಸೈನಿಕರು, ಎಷ್ಟು ದಿನ, ಖರ್ಚು ಅಂತ, ಅದನ್ನು ಕನ್ನಡದಲ್ಲಿ ಇಲ್ಲಿ ಹಾಕಿ. ಅದಕ್ಕೆ ಏನು ಸೇರಿಸಬೇಕು ಅಂತ ಸಾಲುಸಾಲಾಗಿ ನೋಡೋಣ.

ಕಾಯ್ದೆಕಟ್ಟೆ:
ಈ ವಾರ ಹಾಕುತ್ತೇನೆ. ಕಾನೂನು ಆಧಾರ ಅನ್ನೋ ಸಾಲಿನ ಮೇಲೇ ದೊಡ್ಡ ಜಗಳ ಆಗುತ್ತೆ, ಈಗಲೇ ಹೇಳಿಬಿಡುತ್ತೇನೆ. ಸಲಹೆ ಪೂರ್ತಿ ಹೊರಗೆ ಬರುತ್ತೆ ಅಂತ ಗೊತ್ತಾದರೆ ವಕೀಲರು ಅನುಮಾನ ಬರೆಯೋದನ್ನೇ ನಿಲ್ಲಿಸುತ್ತಾರೆ, ಬಾಯಲ್ಲಿ ಹೇಳಿ ಮುಗಿಸುತ್ತಾರೆ.

ನಿವೃತ್ತಹವಾಲ್ದಾರ್:
ಬಾಯಲ್ಲಿ ಕೊಟ್ಟ ಆದೇಶ ಆದೇಶ ಅಲ್ಲ ಅಂತಲೂ ಒಂದು ಸಾಲು ಸೇರಿಸಿ ಸರ್.